ಮೂರಂತಸ್ತಿನ ಕಿರೀಟದ ಜಗಳ

ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಇಬ್ಬರು ಹೆಂಗಸರು ಎದ್ದು ಕಾಣುತ್ತಾರೆ. ಒಬ್ಬಳು ಸೂರ್ಯನನ್ನೇ ಉಟ್ಟು ಹನ್ನೆರಡು ನಕ್ಷತ್ರಗಳ ಕಿರೀಟ ತೊಟ್ಟವಳು. ಇನ್ನೊಬ್ಬಳು ಮೃಗವೇರಿ ಕುಳಿತ ಬಾಬಿಲೋನಿನ ವೇಶ್ಯೆ.

ಮೊದಲನೆಯವಳಲ್ಲಿ ಕ್ಯಾಥೊಲಿಕರು ಮೇರಿಮಾತೆಯನ್ನು, ಜೊತೆಗೆ ಕ್ರೈಸ್ತಸಭೆಯನ್ನೂ ಕಾಣುತ್ತಾರೆ. ಹೆಚ್ಚಿನ ಪ್ರೊಟೆಸ್ಟಂಟರಿಗೆ ಅವಳು ದೇವರ ಜನರ ಸಂಕೇತ.

ನಿಜವಾದ ಜಗಳ ಎದ್ದದ್ದು ಎರಡನೆಯವಳ ಮೇಲೆ. 1522ರ ಸೆಪ್ಟೆಂಬರಿನಲ್ಲಿ ವಿಟೆನ್‌ಬರ್ಗ್‌ನಲ್ಲಿ ಅಚ್ಚಾದ ಪ್ರೊಟೆಸ್ಟಂಟ್ ಸುಧಾರಕ ಲೂಥರನ ಜರ್ಮನ್ ಹೊಸ ಒಡಂಬಡಿಕೆಗೆ ಚಿತ್ರಕಾರ ಲೂಕಾಸ್ ಕ್ರಾನಾಖ್‌ನ ಕಾರ್ಯಾಗಾರ ಮರದಚ್ಚಿನ ಚಿತ್ರಗಳನ್ನು ಮಾಡಿಕೊಟ್ಟಿತು. ವೇಶ್ಯೆಯ ತಲೆಯ ಮೇಲೆ ಪೋಪರ ಮೂರಂತಸ್ತಿನ ಕಿರೀಟ! ಅಂದರೆ ಆ ವೇಶ್ಯೆಯೇ ಪೋಪರ ರೋಮ್ ಎಂಬ ಆರೋಪ. ಕ್ಯಾಥೊಲಿಕ್ ದೊರೆ, ಸ್ಯಾಕ್ಸನಿಯ ಜಾರ್ಜ್, ಕೆರಳಿದ. ಡಿಸೆಂಬರಿನ ಮುದ್ರಣದ ಹೊತ್ತಿಗೆ ಅದನ್ನು ಕೆತ್ತಿ ಸಾದಾ ಕಿರೀಟ ಮಾಡಿದ್ದರು. 1534ರ ಸಂಪೂರ್ಣ ಬೈಬಲ್ಲಿನಲ್ಲಿ ಮೂರಂತಸ್ತು ಮತ್ತೆ ಬಂತು.

ಆ ವೇಶ್ಯೆ ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿಗಳ ರೋಮ್ ಎಂಬುದು ಅನೇಕ ಕ್ಯಾಥೊಲಿಕ್ ವ್ಯಾಖ್ಯಾನಕಾರರ ಉತ್ತರ. ಇಂದಿನ ಬಹಳಷ್ಟು ಪ್ರೊಟೆಸ್ಟಂಟ್ ವಿದ್ವಾಂಸರೂ ಹಾಗೆಯೇ ಓದುತ್ತಾರೆ.