ಅರಗು ಕರಗಿ ಬಣ್ಣವಾಗುವ ಚನ್ನಪಟ್ಟಣ

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಓಡಾಡಿದವರ ಮನೆಯಲ್ಲಿ ಚನ್ನಪಟ್ಟಣದ ಗೊಂಬೆಯೊಂದಾದರೂ ಇದ್ದೇ ಇರುತ್ತದೆ. ಅದರ ಬಣ್ಣವನ್ನು ಕುಂಚದಿಂದ ಬಳಿದಿದ್ದಾರೆ ಎಂದೇ ಬಹಳ ಜನರ ತಿಳುವಳಿಕೆ. ಕಣ್ಣು, ಹುಬ್ಬುಗಳನ್ನು ಬರೆಯುವುದು ಕುಂಚದಿಂದಲೇ. ಆದರೆ ಮೈಬಣ್ಣದ ಕಥೆ ಬೇರೆ. ಅದನ್ನು ಅಲ್ಲಿಯ ಕಾರ್ಖಾನೆಯೊಂದರಲ್ಲಿ ನಿಂತು ನೋಡಿಯೇ ತಿಳಿಯಬೇಕು.

ಇಲ್ಲಿ ಹೆಚ್ಚಾಗಿ ಬಳಸುವುದು ಹಾಲೆ ಮರ. ಸ್ಥಳೀಯರ ಬಾಯಲ್ಲಿ ಅದು ಆಲೆಮರ. ತೇಗ, ಬೀಟೆಗಳಿಗಿರುವ ದೊಡ್ಡಸ್ತಿಕೆ ಇದಕ್ಕಿಲ್ಲ. ಒಣನೆಲದಲ್ಲೂ ಬೆಳೆಯುತ್ತದೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಒಳಗಿನ ತಿರುಳು ಮಾತ್ರ ಬೆಳ್ಳಗೆ, ನಯವಾಗಿರುತ್ತದೆ. ಹಸಿಯಾಗಿಯೇ ಕಡೆದರೆ ಆಮೇಲೆ ಬಿರುಕು ಬಿಡುತ್ತದೆ. ಹಾಗಾಗಿ ತುಂಡುಗಳನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ.

ಒಣಗಿದ ತುಂಡು ಲೇತಿಗೆ ಸಿಕ್ಕಿ ಗಿರ್ರನೆ ತಿರುಗತೊಡಗಿದರೆ ಉಳಿಯ ಕೆಲಸ ಶುರು. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಕೈಗೇ ಗೊತ್ತು. ತೊಗಟೆ ಹಾರಿ, ಹೊಟ್ಟು ಸುರಿದು, ಕುತ್ತಿಗೆ ಮೂಡಿ, ಹೊಟ್ಟೆ ದುಂಡಗಾಗುತ್ತದೆ. ತಿರುಗುವ ಮರದಲ್ಲಿ ಮೂಲೆ ಹುಟ್ಟುವುದಿಲ್ಲ. ಈ ಗೊಂಬೆಗಳ ಗುಂಡುಗುಂಡಾದ ಚೆಲುವು ಲೇತೇ ಕೊಟ್ಟದ್ದು.

ಇನ್ನು ಬಣ್ಣ. ಅರಗಿಗೆ ಬಣ್ಣ ಬೆರೆಸಿ, ಕಾಯಿಸಿ, ನಾದಿ, ಕಡ್ಡಿ ಮಾಡಿಟ್ಟುಕೊಂಡಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರಾಯಿತು, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೊದಲಿಗೆ ಪಟ್ಟೆಪಟ್ಟೆಯಾಗಿ, ಒರಟಾಗಿ ಕಾಣುತ್ತದೆ. ಆಗ ತಾಳೆಗರಿಯ ತುಂಡೊಂದನ್ನು ಅದರ ಮೇಲೆ ಬಿಗಿಯಾಗಿ ಹಿಡಿಯುತ್ತಾರೆ. ಬಣ್ಣ ಸಮನಾಗಿ ಹರಡಿ, ನೋಡನೋಡುತ್ತಿದ್ದಂತೆ ಥಳಥಳಿಸುತ್ತದೆ. ನನಗಂತೂ ಇಡೀ ಕಸುಬಿನಲ್ಲಿ ಇದಕ್ಕಿಂತ ಬೆರಗಿನ ಗಳಿಗೆ ಇನ್ನೊಂದಿಲ್ಲ.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದಿಂದ ಈ ವಿದ್ಯೆ ಬಂತೆಂಬ ಮಾತು ಊರಲ್ಲಿ ಬಳಕೆಯಲ್ಲಿದೆ. ಮುಂದೆ ಜಪಾನಿನ ತಂತ್ರಗಳನ್ನು ಇಲ್ಲಿಯ ಕೆಲಸಕ್ಕೆ ಹೊಂದಿಸಿದವರು ಬಾವಾಸ್ ಮಿಯಾ ಎನ್ನುತ್ತಾರೆ. 2005–06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೊತ್ತಿಗೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆಯನ್ನು ಆಕ್ರಮಿಸಿಯಾಗಿತ್ತು. ಎಷ್ಟೋ ಮನೆಗಳ ಮಕ್ಕಳು ಉಳಿ ಹಿಡಿಯದೆ ಬೇರೆ ದುಡಿಮೆ ಹುಡುಕಿಕೊಂಡರು.

ಹಾಗಿದ್ದೂ ಕಸುಬು ಉಸಿರಾಡುತ್ತಿದೆ. ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣಗಳನ್ನು ಮತ್ತೆ ಅರಗಿಗೆ ಬೆರೆಸುತ್ತಿದ್ದಾರೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿನ ಗಿಲಕಿಗೆ ಇದಕ್ಕಿಂತ ಒಳ್ಳೆಯ ಬಣ್ಣ ಯಾವುದು? ಗೊಂಬೆಯ ಜೊತೆಗೆ ಬಳೆ, ಮಣಿಸರ, ದೀಪದ ಕಂಬಗಳೂ ಲೇತಿನಿಂದ ಇಳಿಯುತ್ತಿವೆ. ಹೆಣ್ಣುಮಕ್ಕಳೂ ಲೇತಿನ ಮುಂದೆ ಕೂತು ಉಳಿ ಹಿಡಿದಿದ್ದಾರೆ.

ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಕಡೆಯುವ ಜಾಗ ಎಲ್ಲಿದೆ ಎಂದು ವಿಚಾರಿಸಿ. ಅರಗಿನ ಕೆಲಸ ನಡೆಯುವ ಹೊತ್ತಿಗೇ ಹೋಗಿ ನೋಡಿ.