ಹಸುವಿನ ರಕ್ತ, ಕುದುರೆಯ ರಕ್ತ

ಜ್ವರ ಬಂದ ಮನುಷ್ಯನು ತನ್ನ ಸಂಕಟವನ್ನು ವೈದ್ಯನಿಗೆ ಬಾಯಿಬಿಟ್ಟು ಹೇಳಬಲ್ಲನು. ಮೇವು ಬಿಟ್ಟು ತಲೆ ತಗ್ಗಿಸಿ ನಿಂತ ಹಸುವಿಗೆ ಆ ಸೌಕರ್ಯವಿಲ್ಲ. ಆದುದರಿಂದ ಪಶುವೈದ್ಯನು ಅದರ ರಕ್ತವನ್ನೇ ಮಾತನಾಡಿಸಬೇಕಾಗುತ್ತದೆ. ಭೌತವಿಜ್ಞಾನ ಕಲಿಸುವ ನಮಗೆ ಕೊಟ್ಟಿಗೆಯಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಈ ಪರೀಕ್ಷೆಯಲ್ಲಿ ಹೆಜ್ಜೆ ಹೆಜ್ಜೆಗೂ ನಮ್ಮ ಶಾಸ್ತ್ರದ ನಿಯಮಗಳೇ ಎದುರಾಗುವುವು ಎಂಬುದೇ ಅದಕ್ಕೆ ಉತ್ತರ.

ದನಗಳ ರಕ್ತವನ್ನು ಸಾಮಾನ್ಯವಾಗಿ ಕತ್ತಿನ ಪಕ್ಕದ ದೊಡ್ಡ ಅಭಿಧಮನಿಯಿಂದ ತೆಗೆಯುತ್ತಾರೆ. ತಲೆಯಿಂದ ಹೃದಯಕ್ಕೆ ರಕ್ತವು ಹಿಂತಿರುಗುವ ದಾರಿಯದು. ಕೆಳಗಡೆ ಹೆಬ್ಬೆರಳಿನಿಂದ ಅದುಮಿದರೆ, ಕಾಲುವೆಗೆ ಅಡ್ಡಗಟ್ಟೆ ಹಾಕಿದಂತೆ, ಮೇಲಿನ ಭಾಗವು ಉಬ್ಬಿ ಕಾಣಿಸಿಕೊಳ್ಳುತ್ತದೆ. ಸೂಜಿ ಚುಚ್ಚುವುದು ಅಲ್ಲಿ. 400 ಕಿಲೋಗ್ರಾಂ ತೂಗುವ ಹಸುವಿನ ಮೈಯಲ್ಲಿ ಸುಮಾರು 22 ಲೀಟರ್ ರಕ್ತವಿರುವುದರಿಂದ, 10 ಮಿಲಿಲೀಟರ್ ಕಳೆದುಕೊಂಡರೆ ಅದಕ್ಕೇನೂ ನಷ್ಟವಿಲ್ಲ.

ಅಪಾಯವಿರುವುದು ಅವಸರದಲ್ಲಿ. ಸಿರಿಂಜಿನ ಕೊಂತವನ್ನು ರಭಸದಿಂದ ಎಳೆದರೆ, ಅಥವಾ ರಕ್ತವನ್ನು ಸಪುರವಾದ ಸೂಜಿಯ ಮೂಲಕ ಶೀಷೆಗೆ ಒತ್ತಿ ತಳ್ಳಿದರೆ, ಕೆಂಪು ಕಣಗಳು ಹರಿದು ಅವುಗಳ ಬಣ್ಣವು ದ್ರವದಲ್ಲಿ ಬೆರೆಯುತ್ತದೆ. ಉಣ್ಣೆಗಳಿಂದ ಹರಡುವ ಬಬೀಸಿಯ ರೋಗದಲ್ಲಿಯೂ ಕಣಗಳು ಒಡೆಯುತ್ತವೆ, ಆದರೆ ಹಸುವಿನ ಮೈಯೊಳಗೇ. ಕೆಂಪಾದ ದ್ರವವನ್ನು ಕಂಡ ಪರೀಕ್ಷಕನು, ಕಣಗಳು ಒಡೆದದ್ದು ರೋಗದಿಂದಲೋ ಸೂಜಿಯಿಂದಲೋ ಎಂದು ಹೇಗೆ ನಿರ್ಧರಿಸಬೇಕು? ಒರಟು ಕೈಯೊಂದು ಸುಳ್ಳು ರೋಗವನ್ನೇ ಸೃಷ್ಟಿಸಬಲ್ಲುದು.

ಶೀಷೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಈ.ಡಿ.ಟಿ.ಎ. ಎಂಬ ವಸ್ತುವಿನ ಲವಣವನ್ನು ಬೆರೆಸುತ್ತಾರೆ. ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಮನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ಹೀಗೆ ಸಿದ್ಧಪಡಿಸಿದ ಹಸುವಿನ ರಕ್ತವನ್ನೂ ಕುದುರೆಯ ರಕ್ತವನ್ನೂ ಎರಡು ನಳಿಗೆಗಳಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ಗಂಟೆ ಕಾಯೋಣ. ಕುದುರೆಯ ರಕ್ತದಲ್ಲಿ ಕಣಗಳು ಬಹಳಷ್ಟು ಕೆಳಗಿಳಿದು, ಮೇಲೆ ಹಳದಿ ದ್ರವ ತಿಳಿಯಾಗಿ ನಿಂತಿರುತ್ತದೆ. ಹಸುವಿನ ರಕ್ತವಾದರೋ ಕದಲಿರುವುದೇ ಇಲ್ಲವೆನ್ನಬಹುದು. ಕಾರಣವೇನು? ಕುದುರೆಯ ಕೆಂಪು ಕಣಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಹಸುವಿನವು ಬಿಡಿಬಿಡಿಯಾಗಿಯೇ ಇರುತ್ತವೆ. ದ್ರವದಲ್ಲಿ ಮುಳುಗುವ ಸಣ್ಣ ಗುಂಡಿನ ವೇಗವು ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿದೆಯೆಂದು ಸ್ಟೋಕ್ಸನು 1851ರಲ್ಲಿ ತೋರಿಸಿದನು. ಎಂಟು ಕಣಗಳು ಕೂಡಿ ಒಂದು ಉಂಡೆಯಾದುವೆಂದು ಭಾವಿಸಿದರೆ ತ್ರಿಜ್ಯವು ಇಮ್ಮಡಿಯಾಗುತ್ತದೆ, ವೇಗವು ನಾಲ್ಮಡಿಯಾಗುತ್ತದೆ. ಕುದುರೆಯ ರಕ್ತದ ಶೀಷೆಯನ್ನು ಮೆಲ್ಲನೆ ತಿರುಗಿಸಿ ಕಲಕದೆ ಹನಿ ತೆಗೆದವನಿಗೆ ತಪ್ಪು ಲೆಕ್ಕವೇ ಗತಿ.

ಹಸುವಿನ ಕಣಗಳು ತಾವಾಗಿ ಇಳಿಯದಿದ್ದರೆ ಗುರುತ್ವವನ್ನು ಹೆಚ್ಚಿಸಬೇಕು! ಕೂದಲಿನಂತಹ ಕಿರುನಳಿಗೆಯನ್ನು 8 ಸೆಂಟಿಮೀಟರ್ ತ್ರಿಜ್ಯದಲ್ಲಿ, ನಿಮಿಷಕ್ಕೆ 12,000 ಸುತ್ತಿನಂತೆ ತಿರುಗಿಸಿದರೆ, ಕಣಗಳ ಮೇಲಿನ ಸೆಳೆತವು ಭೂಮಿಯ ಸೆಳೆತಕ್ಕಿಂತ 12,000 ಪಟ್ಟಿಗೂ ಹೆಚ್ಚಾಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಐದು ನಿಮಿಷಗಳಲ್ಲಿ ಕಣಗಳೆಲ್ಲ ತಳ ಸೇರುತ್ತವೆ. ಆರೋಗ್ಯವಂತ ಹಸುವಿನ ರಕ್ತದಲ್ಲಿ ಅವು ಆಕ್ರಮಿಸುವ ಜಾಗ ನೂರಕ್ಕೆ 24ರಿಂದ 46 ಪಾಲು. ಅದು 10ಕ್ಕೆ ಇಳಿದಿದ್ದರೆ ಇನ್ನೊಂದು ದನದ ರಕ್ತವನ್ನು ಕೊಡುವ ಯೋಚನೆಯನ್ನು ಒಡನೆಯೇ ಮಾಡಬೇಕಾಗುತ್ತದೆ.

ಕೆಂಪು ಕಣಗಳ ಮೇಲೆ ಬಿಳಿಯ ಕಣಗಳದೊಂದು ತೆಳುವಾದ ಪದರವಿರುತ್ತದೆ. ಸರ್ರಾ ರೋಗದ ಜೀವಿಗಳು ರಕ್ತದಲ್ಲಿದ್ದರೆ ಅದರ ಮಗ್ಗುಲಲ್ಲೇ ಬಂದು ಸೇರುತ್ತವೆ. ಈ ಜೀವಿಯನ್ನು 1880ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ದೇರಾ ಇಸ್ಮಾಯಿಲ್ ಖಾನ್ ಪ್ರದೇಶದಲ್ಲಿ, ಗ್ರಿಫಿತ್ ಇವಾನ್ಸ್ ಎಂಬ ಸೇನಾ ಪಶುವೈದ್ಯನು ರೋಗಪೀಡಿತ ಕುದುರೆಗಳ ಮತ್ತು ಒಂಟೆಗಳ ರಕ್ತದಲ್ಲಿ ಕಂಡನು. ಬಣ್ಣದ ಅಗತ್ಯವೂ ಇರಲಿಲ್ಲ. ಹಸಿಯ ಹನಿಯಲ್ಲಿ ಅದು ಬಾಲ ಬಡಿಯುತ್ತ ಸುತ್ತಲಿನ ಕಣಗಳನ್ನು ತಳ್ಳಾಡುವುದೇ ಸಾಕಷ್ಟು ಗುರುತು. ಆದರೆ ಲೂಯಿಸನು 1878ರಲ್ಲಿ ಭಾರತದ ಇಲಿಗಳ ರಕ್ತದಲ್ಲಿ ಇಂತಹವನ್ನೇ ನೋಡಿದ್ದನು, ಇಲಿಗಳು ಸುಖವಾಗಿದ್ದುವು! ಆದಕಾರಣ ರೋಗಕ್ಕೆ ಇದೇ ಕಾರಣವೆಂಬ ಇವಾನ್ಸನ ಮಾತಿಗೆ ಆಗ ಮನ್ನಣೆ ದೊರೆಯಲಿಲ್ಲ. ಅದರ ಹೆಸರಿನಲ್ಲಿ ಇಂದು ಅವನ ಹೆಸರೇ ಸೇರಿದೆ.

ಇನ್ನೊಂದು ಸಂದರ್ಭವನ್ನು ಹೇಳದೆ ಬಿಡುವಂತಿಲ್ಲ. ನಿನ್ನೆ ಚೆನ್ನಾಗಿದ್ದ ದನ ಹಠಾತ್ತನೆ ಸತ್ತು, ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ, ನೆರಡಿ ರೋಗದ ಶಂಕೆ. ಆಗ ಹೆಣವನ್ನು ಕೊಯ್ಯಲೇಬಾರದು. ಗಾಳಿ ತಾಕಿದೊಡನೆ ರೋಗಾಣುಗಳು ಬೀಜಕಗಳಾಗಿ, ಮಣ್ಣಿನಲ್ಲಿ ಹಲವು ದಶಕಗಳ ಕಾಲ ಉಳಿಯಬಲ್ಲವು. ಮನುಷ್ಯನಿಗೂ ಅವು ಮೃತ್ಯುವೇ. ವೈದ್ಯನು ಕೈಗವಸು ತೊಟ್ಟು, ಕಿವಿಯ ಅಭಿಧಮನಿಯಿಂದ ಒಂದೇ ಹನಿಯನ್ನು ತೆಗೆದು ಗಾಜಿನ ಫಲಕದ ಮೇಲೆ ಸವರುತ್ತಾನೆ. ಮ್ಯಾಕ್‌ಫೇಡಿಯನ್ 1903ರಲ್ಲಿ ವಿವರಿಸಿದಂತೆ ಮೆಥಿಲೀನ್ ನೀಲಿಯ ಬಣ್ಣ ಹಾಕಿದರೆ, ನೀಲಿ ಕಡ್ಡಿಗಳ ಸುತ್ತ ನಸುಗೆಂಪು ಕವಚ ತೋರುತ್ತದೆ. ಚುಚ್ಚಿದ ಕಿವಿಗೆ ಸೋಂಕುನಾಶಕದಲ್ಲಿ ಅದ್ದಿದ ಹತ್ತಿಯನ್ನು ಕಟ್ಟಿ, ಹೆಣವನ್ನು ಅಖಂಡವಾಗಿಯೇ ಸುಡುವರು, ಇಲ್ಲವೆ ಆಳವಾಗಿ ಹೂಳುವರು.