ಮನಸ್ಸಿಗೆ ಒಬ್ಬ ಮನುಷ್ಯ ಬೇಕು

ಹೌರಾ ಜಿಲ್ಲೆಯಲ್ಲಿ, ಗಂಗೆಯ ಪಶ್ಚಿಮ ದಡದ ಮೇಲಿರುವ ಬೇಲೂರು ಮಠಕ್ಕೆ ಕನ್ನಡಿಗರು ಹೋಗುವುದು ಬಹುಮಟ್ಟಿಗೆ ಭಕ್ತಿಯಿಂದ. ಮನುಷ್ಯನ ವ್ಯಕ್ತಿತ್ವ ರೂಪುಗೊಳ್ಳುವುದು ಹೇಗೆಂದು ಕೇಳುವವರಿಗೂ ಅಲ್ಲೊಂದು ಪುರಾವೆಯಿದೆ. 1881ರ ನವೆಂಬರಿನಲ್ಲಿ ರಾಮಕೃಷ್ಣರನ್ನು ಮೊದಲ ಸಲ ಕಂಡಾಗ ನರೇಂದ್ರನಾಥ ದತ್ತನಿಗೆ ಹದಿನೆಂಟು. ಮಿಲ್, ಸ್ಪೆನ್ಸರರನ್ನು ಓದಿ ಬಾಲ್ಯದ ನಂಬಿಕೆ ಅಲುಗಾಡಿತ್ತು. 1898ರಲ್ಲಿ ಕಲ್ಕತ್ತೆಗೆ ಪ್ಲೇಗ್ ಬಂದಾಗ, ಹಣ ಸಾಲದಿದ್ದರೆ ಮಠಕ್ಕೆಂದು ಆಗಷ್ಟೇ ಕೊಂಡ ಬೇಲೂರಿನ ಜಮೀನನ್ನೇ ಮಾರಿಬಿಡೋಣ ಎಂದ ವಿವೇಕಾನಂದರು ಅದೇ ನರೇಂದ್ರ. ಆ ಹುಡುಗ ಈ ಸನ್ಯಾಸಿಯಾದದ್ದು ಹೇಗೆ? ದೈವಕೃಪೆ ಎಂದರೆ ಒಬ್ಬರಿಗೆ ತೃಪ್ತಿ, ತಾರುಣ್ಯದ ತಳಮಳ ಎಂದರೆ ಇನ್ನೊಬ್ಬರಿಗೆ. ನನ್ನ ವಾದ ಬೇರೆ: ಬರೀ ಸಿದ್ಧಾಂತವೂ ಬರೀ ವಿಶ್ಲೇಷಣೆಯೂ ಮನುಷ್ಯನನ್ನು ಬದಲಿಸುವುದಿಲ್ಲ. ನಂಬಬಹುದಾದ ಒಬ್ಬ ವ್ಯಕ್ತಿಯ ಒಡನಾಟ ಮತ್ತು ಆಮೇಲಿನ ದೀರ್ಘ ಅಭ್ಯಾಸ ಬದಲಿಸುತ್ತವೆ. ಇದನ್ನು ಧರ್ಮ ಮೊದಲೇ ಕಂಡುಕೊಂಡಿತ್ತು, ಮನಃಶಾಸ್ತ್ರ ತನ್ನ ದಾರಿಯಲ್ಲೇ ಅಲ್ಲಿಗೆ ಬಂದು ಸೇರಿತು.

ಈ ಮಾತಿಗೆ ಬಲವಾದ ಸಾಕ್ಷಿ ಬ್ರಜೇಂದ್ರನಾಥ ಸೀಲ್. ಅವರು ನರೇಂದ್ರನ ಕಾಲೇಜಿನ ಗೆಳೆಯ, ಸ್ವತಃ ತತ್ತ್ವಶಾಸ್ತ್ರಜ್ಞ, ಗುರುಭಕ್ತಿಗೆ ಸುಲಭವಾಗಿ ಒಲಿಯುವವರಲ್ಲ. ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮವನ್ನು 1905ರಲ್ಲಿ ರಚಿಸಿಕೊಟ್ಟವರು ಅವರೇ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಅವರ ಅವಧಿಯಲ್ಲೇ, 1924ರಲ್ಲಿ, ಅಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. 1907ರಲ್ಲಿ ‘ಪ್ರಬುದ್ಧ ಭಾರತ’ದಲ್ಲಿ ಪ್ರಕಟವಾದ ನೆನಪುಗಳಲ್ಲಿ ಅವರು ಹೇಳುವುದು ಗಮನಾರ್ಹ. ಸಂದೇಹದಲ್ಲಿ ನರಳುತ್ತಿದ್ದ ಗೆಳೆಯನಿಗೆ ಅವರು ಶೆಲ್ಲಿಯ ಕಾವ್ಯವನ್ನು, ಹೆಗೆಲನ ವಿಚಾರವನ್ನು ಕೊಟ್ಟರು. ಬುದ್ಧಿ ಒಪ್ಪಿತು, ಮನಸ್ಸು ನಿಲ್ಲಲಿಲ್ಲ. ನರೇಂದ್ರ ಹುಡುಕುತ್ತಿದ್ದದ್ದು ಕೈಹಿಡಿದು ಎತ್ತುವ, ಪೂರ್ಣತೆಯನ್ನು ಬದುಕಿ ತೋರಿಸುವ ಒಬ್ಬ ಜೀವಂತ ಮನುಷ್ಯನನ್ನು. ತನ್ನ ಔಷಧಿ ಫಲಿಸಲಿಲ್ಲವೆಂದು ಒಬ್ಬ ವಿಚಾರವಾದಿಯೇ ದಾಖಲಿಸಿದ್ದಾನೆ. ಭಕ್ತರ ನೂರು ಹೊಗಳಿಕೆಗಿಂತ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಮನಃಶಾಸ್ತ್ರ ಇದಕ್ಕೆ ತೀರಾ ದೂರದಲ್ಲೇನೂ ಇಲ್ಲ. ಧರ್ಮಪರಿವರ್ತನೆಯ ಅನುಭವ ಹದಿಹರೆಯದಲ್ಲೇ ಹೆಚ್ಚೆಂದು ಸ್ಟಾರ್‌ಬಕ್ 1899ರಲ್ಲಿ ತೋರಿಸಿದರು. ಒಡೆದ ಮನಸ್ಸು ಒಂದಾಗುವ ಪ್ರಕ್ರಿಯೆಯನ್ನು ವಿಲಿಯಂ ಜೇಮ್ಸ್ 1902ರಲ್ಲಿ ವಿವರಿಸಿದರು. ಷರತ್ತಿಲ್ಲದೆ ಸ್ವೀಕರಿಸುವವರ ಎದುರು ಮನುಷ್ಯ ಬದಲಾಗುತ್ತಾನೆಂದು ಕಾರ್ಲ್ ರೋಜರ್ಸ್ ಹೇಳಿದರು. ಚಿಕಿತ್ಸೆಯ ಪದ್ಧತಿ ಯಾವುದೇ ಇರಲಿ, ಚಿಕಿತ್ಸಕ ಮತ್ತು ರೋಗಿಯ ನಡುವಿನ ವಿಶ್ವಾಸ ಗಟ್ಟಿಯಾದಷ್ಟೂ ಫಲ ಉತ್ತಮವೆಂದು ಸಂಶೋಧನೆಗಳು ಮತ್ತೆ ಮತ್ತೆ ಕಂಡಿವೆ.

ಇದೆಲ್ಲ ಬರೀ ವಶೀಕರಣ ಎನ್ನುವವರಿದ್ದಾರೆ. ಆ ಅನುಮಾನ ಮೊದಲು ಬಂದದ್ದು ನರೇಂದ್ರನಿಗೇ. ರಾಮಕೃಷ್ಣರ ಸ್ಪರ್ಶದಿಂದ ಮೈಮರೆತಾಗ ಇದು ಸಮ್ಮೋಹನವೇ ಎಂದು ಆತ ತನ್ನನ್ನೇ ಕೇಳಿಕೊಂಡ. ಹಣ ಮುಟ್ಟದ ಗುರುವಿನ ಹಾಸಿಗೆಯ ಕೆಳಗೆ ಗುಟ್ಟಾಗಿ ನಾಣ್ಯವಿಟ್ಟು ಪರೀಕ್ಷಿಸಿದ. ಗುರು ಸಿಟ್ಟಾಗಲಿಲ್ಲ, ಹಾಗೇ ಪರೀಕ್ಷಿಸಬೇಕು ಎಂದರು. ಸಮ್ಮೋಹನವಾಗಿದ್ದರೆ 1886ರಲ್ಲಿ ಗುರು ತೀರಿಕೊಂಡ ಮೇಲೆ ಅದು ಇಳಿಯಬೇಕಿತ್ತು. ಆದರೆ ನಿಜವಾದ ಕೆಲಸ ಶುರುವಾದದ್ದೇ ಆಮೇಲೆ. ಫ್ರಾಯ್ಡ್ ಅವರ ಆಕ್ಷೇಪ ಇನ್ನೂ ಆಳವಾದದ್ದು. ರಾಮಕೃಷ್ಣರ ಚರಿತ್ರೆ ಬರೆದ ರೊಮೇನ್ ರೋಲಾ 1927ರಲ್ಲಿ ಅನಂತದೊಡನೆ ಒಂದಾಗುವ ಭಾವದ ಬಗ್ಗೆ ಅವರಿಗೆ ಪತ್ರ ಬರೆದರು. ಅಂಥ ಭಾವ ತನ್ನೊಳಗೆ ಕಾಣುತ್ತಿಲ್ಲವೆಂದು ಫ್ರಾಯ್ಡ್ ಪ್ರಾಮಾಣಿಕವಾಗಿ ಹೇಳಿ, ಅದರ ಮೂಲವನ್ನು ಶೈಶವದಲ್ಲಿ ಹುಡುಕಿದರು. ಮೂಲ ಅಲ್ಲಿರಬಹುದು. ಆದರೆ ಬೇರು ಎಲ್ಲಿದೆ ಎಂದು ಹೇಳಿದ ಮಾತ್ರಕ್ಕೆ ಹಣ್ಣಿನ ರುಚಿ ಹೇಳಿದಂತಾಗುವುದಿಲ್ಲ. ಸ್ವಭಾವವೆಲ್ಲ ಹುಟ್ಟಿನಿಂದ ಬಂದದ್ದು ಎನ್ನುವವರಿಗೆ ಅವಳಿಗಳ ಅಧ್ಯಯನವೇ ಅರ್ಧ ಉತ್ತರ: ಜನರ ನಡುವಿನ ಸ್ವಭಾವವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಹೆಚ್ಚುಕಡಿಮೆ ಅರ್ಧದಷ್ಟು, ಪೂರ್ತಿಯಲ್ಲ. ಸಂಸ್ಕಾರವನ್ನು ಅಭ್ಯಾಸದಿಂದ ತಿದ್ದಬಹುದೆಂದು ವಿವೇಕಾನಂದರು ಹೇಳಿದ್ದೂ ಉಳಿದ ಆ ಜಾಗವನ್ನು ನಂಬಿಯೇ.

ವಿವೇಕಾನಂದರು ಅಸಾಧಾರಣರು, ಅವರಿಂದ ನಿಯಮ ಕಟ್ಟಬಾರದು ಎನ್ನಬಹುದು. ಹಾಗಾದರೆ ಕುವೆಂಪು ಅವರನ್ನು ನೋಡಿ (ಅವರೂ ಸಾಧಾರಣರಲ್ಲ, ಆದರೆ ದಾರಿ ಬೇರೆ). ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಆಸರೆಯಲ್ಲಿ ಬೆಳೆದರು, ಬೇಲೂರು ಮಠದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಆದರೂ ಸನ್ಯಾಸಿಯಾಗಲಿಲ್ಲ. 1937ರಲ್ಲಿ ಗೃಹಸ್ಥರಾದರು, ಕಾದಂಬರಿ, ಮಹಾಕಾವ್ಯ ಬರೆದರು, ಪುರೋಹಿತಶಾಹಿಯನ್ನು ಜೀವನವಿಡೀ ಖಂಡಿಸಿದರು. ಅದೇ ಶ್ರದ್ಧೆ ಇಬ್ಬರನ್ನು ಒಂದೇ ಅಚ್ಚಿಗೆ ಸುರಿಯಲಿಲ್ಲ. ಒಳ್ಳೆಯ ಗುರುವಿನ ಗುರುತೂ ಇದೇ: ಶಿಷ್ಯ ಪ್ರಶ್ನೆ ಕೇಳಬಲ್ಲ, ಕೊನೆಗೆ ತನ್ನ ಕಾಲ ಮೇಲೆ ನಿಲ್ಲಬಲ್ಲ. ಪ್ರಶ್ನೆಗೆ ಹೆದರುವ ಗುರು ವ್ಯಕ್ತಿತ್ವವನ್ನು ಬೆಳೆಸುವುದಿಲ್ಲ, ಮುರಿಯುತ್ತಾನೆ. ಅಂಥವರನ್ನು ಗುರುತಿಸಲು ನಮಗೆ ಮನಃಶಾಸ್ತ್ರ ಬೇಕೇ ಬೇಕು.

ಕರ್ನಾಟಕದಲ್ಲಿ ಮಠಗಳ ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಓದುವ ಮಕ್ಕಳು ಅಸಂಖ್ಯ. ಆ ಮಠಗಳು ತರಬೇತಿ ಪಡೆದ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳಲಿ. ಖಿನ್ನತೆಯಿಂದ ನರಳುವ ಹುಡುಗನಿಗೆ ಜಪವೊಂದನ್ನೇ ಹೇಳಿ ವೈದ್ಯರಿಂದ ದೂರ ಇಡದಿರಲಿ. ಆಪ್ತಸಮಾಲೋಚಕರೂ ಅಷ್ಟೇ, ಎದುರು ಕೂತವರ ದೇವರನ್ನು ರೋಗಲಕ್ಷಣವೆಂದು ಬರೆದುಕೊಳ್ಳುವ ಮುನ್ನ ಅವರ ಮಾತನ್ನು ಪೂರ್ತಿ ಕೇಳಲಿ.